ಅವ್ವನ ಕಿವಿಗಷ್ಟೇ

ಕ್ಯಾಲೆಂಡರಿನ ಮೊಳೆಗೆ ನೇತುಹಾಕಿರುವ ಹೆಡ್‌ಫೋನನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಏಕಾದಶಿ ಎಂದು ಬಂತು ಅಂತ ನೋಡಲು ಹೋದರೆ ದಿನಾಂಕದ ಮುಂದೆ ಅದೇ ಜೋತಾಡುತ್ತಿರುತ್ತದೆ. ಎರಡು ಕಿವಿಗೆ ಎರಡು ಕರಿ ಮೆತ್ತೆ, ನಡುವೆ ಒಂದು ಬಾಗಿದ ಪಟ್ಟಿ. ಎತ್ತಿಡಿ ಎಂದು ಮನೆಯವರಿಗೆಲ್ಲ ಹೇಳಿದ್ದಾಯಿತು, ಯಾರೂ ಎತ್ತಿಡಲಿಲ್ಲ. ನಾನೇ ಎತ್ತಿಡಬಹುದಿತ್ತು. ಎತ್ತಿಟ್ಟರೆ ಸಿಟ್ಟು ಆರಿಹೋಗುತ್ತದೆ ಎಂದು ಬಿಟ್ಟಿದ್ದೇನೆ.

ಮೊಮ್ಮಕ್ಕಳೇ, ಮಿಠಿ, ತುತುಲ್, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಮಿಠಿಗೆ ಇದರಲ್ಲಿ ಬಹಳಷ್ಟು ಗೊತ್ತು, ತುತುಲ್‌ಗೆ ಹೆಚ್ಚೇನೂ ಗೊತ್ತಿಲ್ಲ. ಅವನು ಆಗ ಧಾರವಾಡದ ಮದುವೆಯಲ್ಲಿ ಜರಿಯಂಚಿನ ಧೋತರ ಉಟ್ಟು ಲಾಡು ತಿನ್ನುತ್ತಿದ್ದ. ಅದಕ್ಕೆ ಮಿಠಿಯನ್ನೂ 'ಅವಳು' ಎಂದೇ ಬರೆಯುತ್ತೇನೆ. ಕೂಸೇ, ಬೇಸರ ಮಾಡಿಕೊಳ್ಳಬೇಡ.

ನನಗೆ ಗಟ್ಟಿಯಾಗಿ ಮಾತಾಡಿ ರೂಢಿಯಿಲ್ಲ. ಇಲ್ಲಿ ಕಲಕತ್ತಾದ ದಕ್ಷಿಣೇಶ್ವರದ ತರಕಾರಿಯವನು ಇಷ್ಟು ವರ್ಷಗಳಿಂದ ನನಗೆ ಬದನೆಕಾಯಿ ಮಾರುತ್ತಿದ್ದಾನೆ, ಇವತ್ತಿಗೂ ಎರಡೆರಡು ಸಲ 'ಕೀ ಬೋಲ್ಲೇನ್, ಮಾಶಿಮಾ?' ಎಂದು ಕಿವಿಗೆ ಕೈ ಹಚ್ಚುತ್ತಾನೆ. ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಒಂದು ಸಲ ದೊಡ್ಡ ಸಾಹೇಬರು ಶಾಲೆ ನೋಡಲು ಬಂದಾಗ ಮಾಸ್ತರರು ನನ್ನನ್ನು ಎಬ್ಬಿಸಿ ಪದ್ಯ ಹೇಳಲು ಹೇಳಿದರು. ಪದ್ಯ ಪೂರ್ತಿ ಬರುತ್ತಿತ್ತು. ತುಟಿ ಅಲ್ಲಾಡಿಸಿದೆ, ದನಿ ಮಾತ್ರ ಹೊರಡಲಿಲ್ಲ. ಸಾಹೇಬರು ಪಾಪ, ತಲೆದೂಗಿ ಕೂರಿಸಿದರು. ಹಿಂದಿನ ಬೆಂಚಿನ ಹುಡುಗರು ವರ್ಷವೆಲ್ಲ ನನ್ನನ್ನು 'ಮೀನಾ' ಎಂದು ಕರೆದರು. ಅದು ಹುಡುಗಿಯ ಹೆಸರಲ್ಲ, ನೀರಿನಲ್ಲಿ ಬಾಯಿ ಬಿಡುವ ಮೀನು.

ಆದರೆ ಬಚ್ಚಲಮನೆಯಲ್ಲಿ ನಾನು ರಾಣಿ. ನೀರು ಕಾಯಿಸುವ ತಾಮ್ರದ ಹಂಡೆ ಖಾಲಿ ಇದ್ದಾಗ ಅದರೊಳಗೆ ತಲೆ ಹಾಕಿ ಹಾಡುತ್ತಿದ್ದೆ. ನನ್ನ ದನಿಯೇ ದೊಡ್ಡದಾಗಿ, ದುಂಡಗಾಗಿ ನನಗೇ ಬಂದು ಬಡಿಯುತ್ತಿತ್ತು. ಕೂದಲಿಗೆ ಮಸಿ ಮೆತ್ತಿಕೊಂಡು ಹೊರಗೆ ಬಂದರೆ ಅವ್ವನಿಂದ ಬೈಗುಳ. ಸುರಗಿ ಹಾಡುಗಳನ್ನು ನಾನು ಕಲಿತದ್ದು ಹಾಗೆ, ಅರ್ಧ ಸೋದರತ್ತೆಯಿಂದ, ಅರ್ಧ ಹಂಡೆಯಿಂದ.

ಸುರಗಿ ಎಂದರೇನು ಎಂದು ತುತುಲ್ ಕೇಳುತ್ತಾನೆ. ಮದುವೆಯ ಹಿಂದಿನ ದಿನ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಶಿನ ಹಚ್ಚಿ ನೀರೆರೆಯುತ್ತಾರೆ. ನೂಲು ಸುತ್ತುವಷ್ಟು ಹೊತ್ತೂ ಹಾಡು ನಿಲ್ಲಬಾರದು. ಹಾಡುವವರು ಮುತ್ತೈದೆಯರು. ಅಂದರೆ ಗಂಡ ಬದುಕಿರುವವರು.

ನಿಮ್ಮ ಅಜ್ಜನಿಗೆ ಹೌರಾಕ್ಕೆ ವರ್ಗವಾಗಿ ನಾವು ರೈಲ್ವೆ ಕ್ವಾರ್ಟರ್ಸಿಗೆ ಬಂದಾಗ ನನಗೆ ಬಹಳ ಅನುಕೂಲವಾಯಿತು. ಹಗಲೆಲ್ಲ ಗಾಡಿಗಳ ಸದ್ದು. ಆ ಸದ್ದಿನ ಮರೆಯಲ್ಲಿ ಅಡುಗೆಮನೆಯಲ್ಲಿ ಎಷ್ಟು ಬೇಕಾದರೂ ಹಾಡಬಹುದಿತ್ತು. ಒಂದು ದಿನ ಗಾಡಿ ಹೋದದ್ದು ತಿಳಿಯದೆ ಹಾಡುತ್ತಲೇ ಇದ್ದೆ. ತಿರುಗಿ ನೋಡಿದರೆ ನಿಮ್ಮ ಅಜ್ಜ ಬಾಗಿಲಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಂತಿದ್ದಾರೆ. 'ಇಷ್ಟ ದಿನ ಮುಚ್ಚಿಟ್ಟಿದ್ದೆಲ್ಲ, ಕಳ್ಳಿ!' ಎಂದರು. ಆಮೇಲೆ ಅವರೇ ನಮ್ಮ ಕಡೆಯ ಮನೆಗಳಿಗೆಲ್ಲ ಡಂಗುರ ಹೊಡೆದರು. ಕಲಕತ್ತಾದಲ್ಲಿ ಧಾರವಾಡದ ಕಡೆಯವರ ಮದುವೆ ಎಂದರೆ ಸುರಗಿಗೆ ಕಮಲಕ್ಕ ಬರಬೇಕು ಎಂದಾಯಿತು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಹಾಡುತ್ತಿದ್ದೆ, ಆದರೂ ಕರೆಯುತ್ತಿದ್ದರು.

ನಿಮ್ಮ ಅಜ್ಜ ತೀರಿಹೋದ ಮೇಲೆ ಯಾರೂ 'ಬರಬೇಡಿ' ಎನ್ನಲಿಲ್ಲ. ನಮ್ಮ ಜನ ಹಾಗೆಲ್ಲ ಅನ್ನುವುದಿಲ್ಲ. ಹೊತ್ತು ತಪ್ಪಿಸಿ ಹೇಳಿದರು. ಸುರಗಿ ಒಂಬತ್ತಕ್ಕಿದ್ದರೆ ನನಗೆ 'ಹನ್ನೆರಡಕ್ಕ ಬರ್‍ರಿ ಕಮಲಕ್ಕ, ಊಟಕ್ಕ' ಎಂದರು. ಹೋದೆ. ಉಂಡೆ. ಹೋಳಿಗೆ ಚೆನ್ನಾಗಿದೆ ಎಂದೂ ಹೇಳಿ ಬಂದೆ. ಎಂಟು ವರ್ಷ ಹೀಗೇ ಉಂಡು ಬಂದಿದ್ದೇನೆ.

ಈ ಸಲ ಮದುವೆ ನನ್ನ ಮಗಳು ಶಶಿಯ ಮಗಳು ಸುಪ್ರಿಯಾಳದು. ನನಗೆ ಕಣ್ಣಿನ ಪೊರೆ ತೆಗೆದು ಹತ್ತು ದಿನವಾಗಿತ್ತು, ರೈಲಿನ ಧೂಳಿಗೆ ಹೋಗಕೂಡದು ಎಂದು ಡಾಕ್ಟರು ಹೇಳಿದ್ದರು. ಮಿಠಿಗೆ ಕಾಲೇಜಿನ ಪರೀಕ್ಷೆ. ನಾವಿಬ್ಬರು ಇಲ್ಲಿ, ಉಳಿದವರು ಧಾರವಾಡದಲ್ಲಿ ಎಂದು ತೀರ್ಮಾನವಾಯಿತು. ಆಗ ಸುಪ್ರಿಯಾ ಫೋನಿನಲ್ಲಿ ಹಟ ಹಿಡಿದಳು. 'ಆಯಿ ಹಾಡಿದ್ರಷ್ಟ ನಾ ಸುರಗಿಗೆ ಕೂಡಾಕಿ. ಬರಾಕ ಆಗದಿದ್ರ ಕಂಪ್ಯೂಟರ್‍ನ್ಯಾಗ ಹಾಡ್ಲಿ.' ಶಶಿ ಎರಡು ದಿನ ಸುಮ್ಮನಿದ್ದು ಆಮೇಲೆ 'ಆತು' ಎಂದಳು. ಆ ಎರಡು ದಿನವನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ. ಎಂಟು ವರ್ಷದ ಮೇಲೆ ಕರೆದಿದ್ದರಲ್ಲ, ಸಂತೋಷಕ್ಕೆ ತಲೆ ಕೆಟ್ಟಿತ್ತು.

ನಿಮ್ಮ ಅಪ್ಪ ಗಿರೀಶ ಇಲ್ಲಿನ ಕನ್ನಡದವರ ಕಾರ್ಯಕ್ರಮಗಳನ್ನೆಲ್ಲ ಲೈವ್ ಮಾಡುವವನು. ಹೊರಡುವ ಮುಂಚೆ ನನ್ನ ಕೋಣೆಯಲ್ಲಿ ಕಂಪ್ಯೂಟರು, ಕ್ಯಾಮೆರಾ, ಮೈಕು ಎಲ್ಲ ಹೂಡಿದ. ನನ್ನ ತಲೆಗೆ ಈ ಹೆಡ್‌ಫೋನು ಏರಿಸಿದ. ಹಾಡಿ ನೋಡಿದರೆ, ಅಯ್ಯೋ, ಹಂಡೆ! ಅದೇ ದುಂಡನೆಯ ದನಿ.

'ಅವ್ವಾ, ಇದಕ್ಕ ಮಾನಿಟರ್ ಅಂತಾರ. ನೀ ಹಾಡಿದ್ದು ನಿನಗ ಕೇಳಸ್ತದ. ಅದಕ್ಕೊಂದು ಪ್ಲಗಿನ್ ಹಾಕೀನಿ. ಶ್ರುತಿ ತಪ್ಪಂಗಿಲ್ಲ' ಎಂದ.

ಪ್ಲಗಿನ್ ಎಂದರೇನು ಎಂದು ಮಿಠಿಯನ್ನು ಕೇಳಿದೆ. 'ಆಯಿ, ಅಂಗಿ ರೆಡಿಮೇಡ್ ತಗೊಂಡು ಆಮೇಲೆ ಎಕ್ಸ್‌ಟ್ರಾ ಜೇಬು ಹೊಲಿಸ್ತೀವಲ್ಲ, ಹಂಗೆ' ಎಂದಳು. ಚೆನ್ನಾಗಿ ಹೇಳಿದಳು. ಜೇಬಿನಲ್ಲಿ ಏನಿತ್ತು ಎಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಗಿರೀಶ ಹೊಸ್ತಿಲು ದಾಟುವಾಗ ಮತ್ತೊಮ್ಮೆ ಹೇಳಿದ, 'ಮಿಠಿ, ಸ್ಟಾರ್ಟ್ ಬಟನ್ ಒಂದ ಒತ್ತು. ಬ್ಯಾರೆ ಏನೂ ಮುಟ್ಟಬ್ಯಾಡ. ಸೆಟ್ಟಿಂಗ್ ಕೆಡ್ತಾವ.' ನನ್ನ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದ.

ಗುರುವಾರ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಕೂತೆ. ಕಣ್ಣಿಗೆ ಕರಿ ಕನ್ನಡಕ, ಕಿವಿಗೆ ಕರಿ ಮೆತ್ತೆ. ಕನ್ನಡಿಯಲ್ಲಿ ನೋಡಿಕೊಂಡರೆ ವಿಮಾನ ಹಾರಿಸಲು ಹೊರಟವಳ ಹಾಗೆ ಕಂಡೆ. ಮಿಠಿ ಬಟನ್ ಒತ್ತಿದಳು. ಪರದೆಯಲ್ಲಿ ನನ್ನ ದನಿಗೆ ತಕ್ಕಂತೆ ಹಸಿರು ಪಟ್ಟಿ ಏರಿ ಇಳಿಯುತ್ತಿತ್ತು. ತನ್ನ ಮೊಬೈಲಿನಲ್ಲಿ ಅವಳು ನಮ್ಮದೇ ಲೈವ್ ನೋಡುತ್ತಿದ್ದಳು, ಅದರ ಸದ್ದು ಮೈಕಿಗೆ ಸಿಕ್ಕಿ ಗೊಳೋ ಎನ್ನಬಾರದೆಂದು ಪೂರ್ತಿ ಮುಚ್ಚಿದ್ದಳು. 'ನಾಕು ತಂಬಿಗಿ ನಡುವ ನಕ್ಕೋತ ಕುಂತಾಳ, ನೂಲಿಗಿಂತ ತೆಳುವ ಇವಳ ನಾಚಿಕಿ' ಎಂದು ಎತ್ತಿಕೊಂಡೆ. ಒಂಬತ್ತು ನುಡಿ. ಎಲ್ಲೂ ತಪ್ಪಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿಯಲಿಲ್ಲ. ಮುಗಿದಾಗ ಮಿಠಿ ಕೆನ್ನೆಗೆ ಮುತ್ತು ಕೊಟ್ಟಳು. ಬಾಗಿಲು ತಟ್ಟಿದ ಸದ್ದಾಯಿತು. ಪಕ್ಕದ ಫ್ಲ್ಯಾಟಿನ ಬಂಗಾಳಿ ಹೆಂಗಸು, ನಮ್ಮ ಬೌದಿ. 'ಕೀ ಶುಂದೊರ್ ಗಾನ್! ಅಡುಗೆಮನೆಯ ಗೋಡೆಗೆ ಕಿವಿಯಿಟ್ಟು ಕೇಳಿದೆ' ಎಂದು ಬಂಗಾಳಿಯಲ್ಲಿ ಹೇಳಿ, ನಾಚುತ್ತ ಒಂದು ಬಟ್ಟಲು ಪಾಯೆಶ್ ಕೊಟ್ಟು ಹೋದಳು.

ಮಧ್ಯಾಹ್ನ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಸುರಗಿಯ ವಿಡಿಯೋ ಬಂತು. ಸುಪ್ರಿಯಾ ನಾಲ್ಕು ತಂಬಿಗೆಯ ನಡುವೆ ಕೂತಿದ್ದಾಳೆ. ಸುತ್ತ ಐದು ಜನ ಹೆಂಗಸರು ಬೇರೆ ಯಾವುದೋ ಹಾಡು ಹೇಳುತ್ತಿದ್ದಾರೆ. ಹಿಂದೆ ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ನಾನು. ಬಾಯಿ ತೆರೆಯುತ್ತಿದ್ದೇನೆ, ಮುಚ್ಚುತ್ತಿದ್ದೇನೆ. ದನಿಯಿಲ್ಲ. ಯಾರೋ ಹುಡುಗ, 'ಅಜ್ಜಿ ಎಲಿ ಅಡಿಕಿ ಅಗಿಯಾಕತ್ತಾರೇನ?' ಅನ್ನುತ್ತಾನೆ. ನಾಲ್ಕಾರು ಜನ ನಗುತ್ತಾರೆ.

ಕೆಳಗೆ ಶಶಿ ಬರೆದಿದ್ದಳು: ಅವ್ವನ ದನಿ ಬರಲಿಲ್ಲ, ಮಿಠಿಗೆ ಮೈಕ್ ಹಚ್ಚುವುದು ತಿಳಿಯಲಿಲ್ಲ ಅನಿಸುತ್ತದೆ. ಅದರ ಕೆಳಗೆ ಯಾರೋ ಚಿಕ್ಕಪ್ಪ: ಕಲಕತ್ತಾದಾಗ ಕಾಲೇಜ್ ಕಲ್ತ್ರೂ ಅಷ್ಟ. ಅದರ ಕೆಳಗೆ ನಗುವ ಹಳದಿ ಮುಖಗಳು ಸಾಲಾಗಿ. ಗಿರೀಶ ಏನೂ ಬರೆದಿರಲಿಲ್ಲ. ಅವನೂ ಆ ಗುಂಪಿನಲ್ಲಿದ್ದಾನೆ.

ಮಿಠಿ ಅತ್ತಳು. 'ಆಯಿ ಸಾರಿ, ನನ್ನಿಂದ ಆಯ್ತು, ಎಲ್ಲಾ ನನ್ನಿಂದ ಆಯ್ತು' ಎಂದು ನನ್ನ ಮಡಿಲಿಗೆ ಬಿದ್ದಳು. ಮರುದಿನ ಸಂಜೆ ಸುಪ್ರಿಯಾಳನ್ನು ಕಳಿಸಿಕೊಡುವಾಗ ಉಡಿ ತುಂಬುತ್ತಾರೆ, ಆಗಲೂ ಲೈವ್ ಇತ್ತು, ಈ ಸಲ ಅಲ್ಲಿನದೂ ನಮಗೆ ಕಾಣುವ ಹಾಗೆ. 'ಅಷ್ಟರೊಳಗೆ ಠೀಕ್ ಮಾಡ್ತೀನಿ, ಪಕ್ಕಾ. ನೀನು ಇನ್ನೊಂದ್ ಸಲ ಹಾಡಬೇಕು' ಎಂದು ಕಣ್ಣೊರೆಸಿಕೊಂಡು ಕೂತಳು. ಪರೀಕ್ಷೆಯ ಪುಸ್ತಕ ಹಾಸಿಗೆಯ ಮೇಲೆ ಮಗುಚಿಬಿದ್ದಿತ್ತು.

ಊಟವಾದಾಗಿನಿಂದ ದೀಪ ಹಚ್ಚುವವರೆಗೆ ರಿಪೇರಿ ನಡೆಯಿತು. ನನ್ನ ಕೆಲಸ ಹಾಡುವುದು, ಅವಳ ಕೆಲಸ ಕೇಳುವುದು. ಮೊದಲು ಮೈಕಿನ ವೈರು ಬದಲಿಸಿದಳು. ಹಾಡಿದೆ, ರೆಕಾರ್ಡ್ ಮಾಡಿ ಕೇಳಿದರೆ ಮೌನ. ಹೆಡ್‌ಫೋನಿನಲ್ಲಿ ಮಾತ್ರ ದನಿ ಸ್ವಚ್ಛ. 'ಧುತ್! ಗ್ರೀನ್ ಬಾರ್ ಆಡ್ತಾ ಇದೆ, ಅಂದರೆ ಮೈಕ್ ಸರಿಯಿದೆ' ಎಂದು ತಲೆ ಕೆರೆದುಕೊಂಡಳು. ಸದ್ದಿನ ವೇಗವೋ ಏನೋ, ಅದರ ಅಂಕಿ ಎರಡು ಕಡೆ ಬೇರೆಬೇರೆ ಇರಬಹುದೆಂದು ಅದನ್ನು ಸಮ ಮಾಡಿದಳು. ಮೌನ. ಕಂಪ್ಯೂಟರು ಮುಚ್ಚಿ ತೆರೆದಳು. ಮೌನ. ಆಮೇಲೆ ಏನೋ ಒತ್ತಿದಳು, ನನ್ನ ಕಿವಿಯಲ್ಲಿ ಇಬ್ಬರು ಕಮಲಕ್ಕಂದಿರು ಹಾಡತೊಡಗಿದರು, ಒಬ್ಬಳು ಮುಂದೆ, ಇನ್ನೊಬ್ಬಳು ಅವಳ ಸೆರಗು ಹಿಡಿದು ಅರ್ಧ ಹೆಜ್ಜೆ ಹಿಂದೆ. ನನಗೆ ತಾಳ ತಪ್ಪಿ ತಲೆ ಸುತ್ತಿತು.

'ಎರಡು ದಾರಿ ಇದೆ ಆಯಿ!' ಎಂದು ಮಿಠಿ ಕುಣಿದಳು. 'ಸಾಫ್ಟ್‌ವೇರಿಂದು ಒಂದು, ಪ್ಲಗಿನ್‌ದು ಒಂದು. ಎರಡೂ ನಿನ್ನ ಕಿವಿಗೇ ಬರ್ತಿದೆ. ಪ್ಲಗಿನ್ ತೆಗೀತೀನಿ, ಆಮೇಲೆ ನೋಡೋಣ. ಏಕ್ ಬಾರ್ ಔರ್ ಹಾಡು ನಾ.'

ಎಷ್ಟು ಸಲ ಹಾಡಿದೆನೋ. ಐದನೆಯ ಸಲಕ್ಕೆ ಅವಳು ಕೀಲಿ ಒತ್ತುತ್ತಲೇ ನನ್ನ ಜೊತೆ ಗುನುಗುತ್ತಿದ್ದಳು. ಹತ್ತನೆಯ ಸಲಕ್ಕೆ ನಾನು ನೀರು ಕುಡಿಯಲು ನಿಂತರೆ ಮುಂದಿನ ನುಡಿ ಅವಳೇ ಎತ್ತಿಕೊಂಡಳು. 'ತಂಬಿಗಿ'ಯನ್ನು 'ತೊಂಬಿಗಿ' ಎನ್ನುತ್ತಾಳೆ, ಇರಲಿ.

ಪ್ಲಗಿನ್ ತೆಗೆಯಲು ಹೋದವಳು ನಿಂತುಬಿಟ್ಟಳು. ಆ ಜೇಬಿಗೆ ಒಂದು ಹೆಸರಿತ್ತು. ಹಾಕಿದವರು ತಮಗೆ ಗುರುತಿಗೆಂದು ಹೆಸರು ಬರೆಯಬಹುದಂತೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಮಿಠಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು, 'ಅವ್ವನ... ಕಿವಿಗಷ್ಟೇ.'

ಆಮೇಲೆ ಇನ್ನೊಂದು ಪುಟ ತೆರೆದಳು. ನನ್ನ ಮೈಕಿನ ಎದುರು ಮೂರು ಆಯ್ಕೆಗಳಿದ್ದವು. ಮೊದಲನೆಯದು, ಹಾಡುವವರಿಗೆ ಕೇಳಿಸದು, ಹೊರಗೆ ಹೋಗುತ್ತದೆ. ಮೂರನೆಯದು, ಹಾಡುವವರಿಗೂ ಕೇಳಿಸುತ್ತದೆ, ಹೊರಗೂ ಹೋಗುತ್ತದೆ. ನಡುವಿನದು, ಹಾಡುವವರಿಗೆ ಮಾತ್ರ ಕೇಳಿಸುತ್ತದೆ, ಹೊರಗೆ ಮೌನ. ಗುರುತು ಇದ್ದದ್ದು ನಡುವಿನದಕ್ಕೆ.

'ತಾನಾಗೇ ಹಿಂಗಾಗ್ತದೇನು?' ಎಂದೆ.

'ಇಲ್ಲ ಆಯಿ' ಎಂದಳು. ಅವಳ ದನಿ ನನ್ನದಕ್ಕಿಂತ ಸಣ್ಣಗಿತ್ತು. 'ತಾನಾಗೇ ಇರೋದು ಮೊದಲನೇದು. ಇದನ್ನ ಯಾರಾದರೂ ಆರಿಸಬೇಕು.'

ಫೋನು ಹಚ್ಚು ಎಂದೆ. ನಾನಾಗಿ ಯಾರಿಗಾದರೂ ಫೋನು ಹಚ್ಚಿಸುವುದು ವರ್ಷಕ್ಕೆ ಎರಡು ಸಲ. ಗಿರೀಶ ಎತ್ತಿದ. ಹಿಂದೆ ವಾಲಗದ ಸದ್ದು.

'ಗಿರ್‍ಯಾ, ಅವ್ವನ ಕಿವಿಗಷ್ಟೇ ಅಂದ್ರ ಏನೋ?'

ವಾಲಗ ದೂರವಾಯಿತು. ಎದ್ದು ಹೊರಗೆ ಹೋದನೆಂದು ಕಾಣುತ್ತದೆ.

'ಅವ್ವಾ, ಬೀಗರು ಶಾಸ್ತ್ರದ ಮಂದಿ. ವರನ ಅಜ್ಜಿ ಮುಂದ ಕುಂತಿರ್ತಾರ. ಸುರಗಿಗೆ... ಅದು... ಶಶಿ ಅತ್ಲು. ಸುಪ್ರಿಯಾ ಕೇಳಂಗಿಲ್ಲ. ನಡುವ ನಾ ಏನ ಮಾಡ್ಲಿ? ನಿನಗ ಬ್ಯಾಡ ಅಂತ ಹ್ಯಾಂಗ ಹೇಳ್ಲಿ?'

'ಬಾಯಿಲೆ ಹೇಳಬೇಕಿತ್ತು.'

'ನಿನಗ ನೋವಾಗಬಾರದು ಅಂತ ಅವ್ವಾ. ನೀ ಹಾಡ್ದಂಗೂ ಆಗ್ಲಿ, ಅವರಿಗೂ...'

'ಮಿಠಿ ಮಧ್ಯಾನದಿಂದ ಅಳಾಕತ್ತಾಳಲ್ಲೋ. ಮಂದಿ ಅಕಿಗೆ ಅಂದಿದ್ದು ನೀ ಓದಿಲ್ಲೇನ? ಅಕಿ ನಿನ್ನ ಮಗಳಲ್ಲೇನ?'

ಅದಕ್ಕೆ ಅವನು ಹೇಳಿದ ಮಾತು ಕೇಳಿ. 'ನಾಳೆ ಉಡಿ ತುಂಬೂ ಮುಂದ ಬೀಗರು ಊಟಕ್ಕ ಹೋಗ್ತಾರ ಅವ್ವಾ. ಆವಾಗ ಒಂದೈದು ಮಿನಿಟ್ ಸೌಂಡ್ ಬಿಡಸ್ತೀನಿ.'

ನನ್ನ ಮಗ ನನ್ನ ಹಾಡಿಗೆ ಹೊತ್ತು ಹುಡುಕಿದ್ದ. ಮಂದಿ ಇಲ್ಲದ ಹೊತ್ತು. ನಾನೇ ಫೋನು ಇಟ್ಟೆ. ಕೆಂಪು ಗುಂಡಿ ಎಲ್ಲಿದೆ ಎಂದು ಸಿಟ್ಟಿನಲ್ಲಿ ಕಾಣದೆ ಮೂರು ಸಲ ಒತ್ತಿದೆ, ನಡುವೆ ಫೋನಿನ ಟಾರ್ಚು ಬೇರೆ ಹತ್ತಿಕೊಂಡಿತು.

ಮಕ್ಕಳೇ, ನನಗೆ ಶಾಸ್ತ್ರ ಹೊಸದಲ್ಲ. ಬೇಡ ಎಂದಿದ್ದರೆ ಸುಮ್ಮನೆ ಕೂತು ನೋಡುತ್ತಿದ್ದೆ. ಬೇಡ ಎಂಬ ಮಾತಿಗೆ ಎದುರು ಒಂದು ಮಾತಾದರೂ ಇರುತ್ತದೆ. ಒಂದು ಜಗಳವಾದರೂ ಆಡಬಹುದು. ಇಲ್ಲಿ ನನ್ನ ದನಿಯನ್ನು ನನ್ನ ಕಿವಿಗೇ ಸುರಿದು, ಮುದುಕಿ ಖುಷಿಯಾಗಿದ್ದಾಳೆ, ಯಾರಿಗೂ ಕಷ್ಟವಿಲ್ಲ ಎಂದು ಎಲ್ಲರೂ ಊಟಕ್ಕೆ ಎದ್ದರು. ಇದಕ್ಕೆ ಅವರು ಪ್ರೀತಿ ಎನ್ನುತ್ತಾರೆ. ಹೊಲದ ಗುಬ್ಬಿಯನ್ನು ಓಡಿಸುವವನು ಕವಣೆ ಬೀಸುತ್ತಾನೆ, ಗುಬ್ಬಿಗೆ ಏನಾಯಿತು ಎಂಬುದು ಗುಬ್ಬಿಗೆ ಗೊತ್ತಾಗುತ್ತದೆ. ನನಗೆ ಅಷ್ಟೂ ಗೊತ್ತಾಗದ ಹಾಗೆ ಮಾಡಿದರು.

ನನ್ನ ಮೇಲೂ ಸಿಟ್ಟಿದೆ. ಎಂಟು ವರ್ಷ ಹನ್ನೆರಡು ಗಂಟೆಗೆ ಹೋಗಿ ಹೋಳಿಗೆ ತಿಂದು ಬಂದವಳು ನಾನೇ ಅಲ್ಲವೇ? ಒಮ್ಮೆಯಾದರೂ ಒಂಬತ್ತಕ್ಕೆ ಹೋಗಿದ್ದರೆ ಗಿರೀಶನಿಗೆ ಈ ಉಪಾಯ ಹೊಳೆಯುತ್ತಿರಲಿಲ್ಲ. ಅವ್ವ ಏನನ್ನೂ ಕೇಳುವುದಿಲ್ಲ ಎಂಬುದನ್ನು ಅವನು ನನ್ನಿಂದಲೇ ಕಲಿತಿದ್ದಾನೆ.

ಶುಕ್ರವಾರ ಸಂಜೆ ಮಿಠಿ ಮೂರನೆಯದಕ್ಕೆ ಗುರುತು ಹಾಕಿದಳು. ರೆಕಾರ್ಡ್ ಮಾಡಿ ಕೇಳಿಸಿದಳು, ದನಿ ಬಂತು. ಗುಟ್ಟು ಬಯಲಾದದ್ದು ಗಿರೀಶನಿಗೆ ಗೊತ್ತಿತ್ತು, ಆದರೆ ನಾವೇ ರಿಪೇರಿ ಮಾಡುತ್ತೇವೆಂದು ಧಾರವಾಡದಲ್ಲಿ ಯಾರೂ ಎಣಿಸಿರಲಿಲ್ಲ. ಟಿವಿಯ ಸದ್ದನ್ನು ಅವರು ಜೋರಾಗಿಯೇ ಇಟ್ಟಿದ್ದರು, ಹೇಗೂ ಏನೂ ಬರುವುದಿಲ್ಲವಲ್ಲ. 'ಆಯಿ, ಈಗ ಹೋಗುತ್ತೆ. ಎಲ್ಲರೂ ಇದ್ದಾರೆ, ಬೀಗರೂ ಇದ್ದಾರೆ. ಹಾಡು' ಎಂದಳು. ಅವಳ ಕಣ್ಣು ಹೊಳೆಯುತ್ತಿತ್ತು.

ನಾನು ಹಾಡಲಿಲ್ಲ. ನಿಜ ಹೇಳುತ್ತೇನೆ, ಹೆದರಿದೆ, ಆದರೆ ಬೀಗರಿಗಲ್ಲ. ನಾಳೆ ಆ ಮನೆಯಲ್ಲಿ ಯಾರಿಗೋ ಜ್ವರ ಬಂದರೆ, ಒಂದು ಹಾಲಿನ ಪಾತ್ರೆ ಉಕ್ಕಿದರೆ, ಸುಪ್ರಿಯಾಳ ಮುಂದೆ ನನ್ನ ಹಾಡನ್ನು ಎತ್ತಿ ಆಡುತ್ತಾರೆ. ಆ ಹೊರೆಯನ್ನು ಹುಡುಗಿಯ ಉಡಿಗೆ ಹಾಕಲು ಮನಸ್ಸಾಗಲಿಲ್ಲ. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟೆ. ನನ್ನ ದನಿ ನನಗೆ ಬೇಕಾಗಿರಲಿಲ್ಲ. ಮೈಕಿಗೆ ಬಾಗಿ ಹೇಳಿದೆ.

'ಎಲ್ಲಾರೂ ಕೇಳ್ರಿ. ನಾ ಸುಪ್ರಿಯಾನ ಅಜ್ಜಿ. ನಿನ್ನಿ ನನ್ನ ಹಾಡು ನಿಮಗ ಮುಟ್ಟಲಿಲ್ಲ. ಅದರಾಗ ನನ್ನ ಮೊಮ್ಮಗಳು ಮಿಠಿದು ತಪ್ಪಿಲ್ಲ. ಮಿಷಿನ್ನಿಂದೂ ತಪ್ಪಿಲ್ಲ. ಮುಟ್ಟಬಾರದು ಅಂತ ದೊಡ್ಡವರು ಮಾಡಿದ್ದು. ಅಕಿಗೆ ಅಂದವರು ಅಂದಿದ್ದನ್ನ ತಿರುಗಿ ತಗೋರಿ. ಸುಪ್ರಿಯಾ, ಸುಖವಾಗಿರು ತಾಯಿ.'

ಅಷ್ಟೇ. ಇಡೀ ಜೀವನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಪರದೆಯಲ್ಲಿ ಎಲ್ಲರ ತಲೆಗಳೂ ಒಮ್ಮೆಲೇ ಟಿವಿಯ ಕಡೆ ತಿರುಗಿದವು. ಶಶಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಗಿರೀಶ ರಿಮೋಟು ಹುಡುಕುತ್ತಿದ್ದ. ವರನ ಅಜ್ಜಿ ಮಾತ್ರ ಅಲ್ಲಾಡದೆ ನನ್ನನ್ನೇ ನೋಡುತ್ತಿದ್ದರು. ಅವರ ಕೊರಳೂ ಬರಿದಾಗಿತ್ತು, ನನ್ನ ಹಾಗೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ.

ಗಿರೀಶ ಮರಳಿ ಬಂದು ಹದಿನೈದು ದಿನವಾಯಿತು. ಧಾರವಾಡದ ಪೇಢೆ ತಂದಿದ್ದಾನೆ, ಕಾಲು ಮುಟ್ಟಿದ್ದಾನೆ, ಕಣ್ಣಿಗೆ ಹೊತ್ತಿಗೆ ಸರಿಯಾಗಿ ಔಷಧಿ ಹಾಕುತ್ತಿದ್ದಾನೆ. ಆ ಮಾತು ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾತಾಡುತ್ತಾನೆ. ಮಿಠಿಯ ಹತ್ತಿರವೂ ಹಾಗೇ. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೂ ಏನನ್ನೂ ತಿರುಗಿ ತೆಗೆದುಕೊಂಡಿಲ್ಲ, ಫೋಟೋ ಹಾಕುತ್ತಿದ್ದಾರೆ.

ಅದಕ್ಕೇ ಇದನ್ನು ಕೈಬರಹದಲ್ಲಿ ಬರೆದಿದ್ದೇನೆ. ನಿಮ್ಮಿಬ್ಬರಿಗೂ ಕನ್ನಡ ಅಕ್ಷರ ಬರುವುದಿಲ್ಲ. ನಿಮ್ಮ ಅಮ್ಮನಿಗೆ ನನ್ನ ಕೂಡಿಸಿ ಬರೆದ ಮೋಡಿ ಅಕ್ಷರ ತಿಳಿಯುವುದಿಲ್ಲ. ಓದಿ ಹೇಳಬಲ್ಲವನು ಈ ಮನೆಯಲ್ಲಿ ಒಬ್ಬನೇ. ಭಾನುವಾರ ಚಹಾ ಆದ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡು ಓದಿಸಿರಿ.

ಗಿರೀಶ, ಇಲ್ಲಿಯವರೆಗೆ ಬಂದೆಯಲ್ಲ, ನೀರು ಕುಡಿ. ಮುಂದಿನ ಹಾಳೆಯಲ್ಲಿ ಸುರಗಿಯ ಹಾಡಿದೆ, ಒಂಬತ್ತು ನುಡಿ. ಅದನ್ನೂ ಓದು. ಮನಸ್ಸಿನಲ್ಲಿ ಅಲ್ಲ, ಬಾಯಿ ಬಿಟ್ಟು, ಪಕ್ಕದ ಬೌದಿಗೆ ಕೇಳಿಸುವ ಹಾಗೆ. ಒಂದು ನುಡಿ ನುಂಗಿದರೂ ಮಿಠಿ ಹಿಡಿಯುತ್ತಾಳೆ. ಅವಳಿಗೆ ಪೂರ್ತಿ ಬರುತ್ತದೆ.